ಬ್ಯಾಗಿನೊಳಗೆ ಏನಿಡ್ತೀರಿ ಎಂದು ಕೇಳುವ ನುಜಹತ್

ಹೊನ್ನಾಳಿ ಬಸ್ ನಿಲ್ದಾಣದ ಹೋಟೆಲಿನಲ್ಲಿ ಇನ್ನೂ ಒಲೆ ಹೊತ್ತಿಲ್ಲ. ದಾವಣಗೆರೆಗೆ ಹೋಗುವ ಮೊದಲ ಬಸ್ಸಿನ ಬಾಗಿಲ ಬಳಿ ನುಜಹತ್ ಎರಡು ದೊಡ್ಡ ಮೂಟೆ ಇಟ್ಟುಕೊಂಡು ನಿಂತಿದ್ದಾರೆ. ಕಂಡಕ್ಟರ್ ಮೂಟೆಗಳನ್ನು ನೋಡಿ ಮುಖ ಸಿಂಡರಿಸುತ್ತಾನೆ. ಎತ್ತಿದರೆ ತೂಕವೇ ಇಲ್ಲ, ಆದರೆ ಇಬ್ಬರು ಕೂರುವ ಜಾಗ ತಿನ್ನುತ್ತವೆ. ಮೂಟೆಯೊಳಗಿರುವುದು ಹೆಂಗಸರ ಹ್ಯಾಂಡ್ ಬ್ಯಾಗುಗಳು. ಒಂದೊಂದರ ಹೊಟ್ಟೆಗೂ ಹಳೇ ಪೇಪರ್ ತುರುಕಿದ್ದಾರೆ. ಪೇಪರ್ ತೆಗೆದು ಮಡಚಿದರೆ ಅರ್ಧ ಜಾಗ ಸಾಕು. ಆದರೆ ಒಮ್ಮೆ ಮಡಿಕೆ ಬಿದ್ದ ರೆಕ್ಸಿನ್ ಮತ್ತೆ ನೆಟ್ಟಗಾಗುವುದಿಲ್ಲ, ಅಂಥ ಬ್ಯಾಗನ್ನು ಯಾರೂ ಕೈಗೆತ್ತಿಕೊಳ್ಳುವುದೂ ಇಲ್ಲ. ಹಾಗಾಗಿ ನುಜಹತ್ ಕಂಡಕ್ಟರನ ಗೊಣಗಾಟ ಕೇಳಿಸಿಕೊಳ್ಳುತ್ತಲೇ ಲಗೇಜ್ ಟಿಕೆಟ್ ತೆಗೆಸಿ, ಹಿಂದಿನ ಸೀಟಿನಲ್ಲಿ ಮೂಟೆಗಳ ಮಧ್ಯೆ ಕೂರುತ್ತಾರೆ.

ಇವತ್ತು ಜಗಳೂರು. ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ವಾರದಲ್ಲಿ ಉಳಿದ ದಿನ ನ್ಯಾಮತಿ, ಚನ್ನಗಿರಿ, ಹೊನ್ನಾಳಿ. ಸಂತೆ ಎಲ್ಲಿದೆಯೋ ಅಲ್ಲಿ ಇವರ ನೀಲಿ ಟಾರ್ಪಾಲು ಇರುತ್ತದೆ. ವಯಸ್ಸು ನಲವತ್ತಾರು. ಈ ಕೆಲಸಕ್ಕೆ ಇಳಿದು ಹನ್ನೊಂದು ವರ್ಷವಾಗುತ್ತಿದೆ.

ಅವರ ಅಂಗಡಿಯ ಮುಂದೆ ಒಂದು ಗಂಟೆ ಕೂತರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಬೇರೆ ವ್ಯಾಪಾರಿಗಳು ಗಿರಾಕಿ ಬಂದ ತಕ್ಷಣ ‘ಎಷ್ಟರೊಳಗೆ ಬೇಕು’ ಎಂದು ಕೇಳುತ್ತಾರೆ. ನುಜಹತ್ ಹಾಗೆ ಕೇಳುವುದಿಲ್ಲ. ‘ಏನೇನ್ ಇಡ್ತೀರಿ ಅಕ್ಕಾ ಇದರಾಗೆ?’ ಎಂದು ಕೇಳುತ್ತಾರೆ. ಉತ್ತರ ಬಂದ ಮೇಲೇ ಕೈ ಮೂಟೆಯ ಕಡೆ ಹೋಗುವುದು.

ಮದುವೆಗೆ ಹೋಗುವವರಿಗೆ ಅವರು ಕೊಡುವುದು ಮಣಿಕಟ್ಟಿಗೆ ದಾರವಿರುವ ಪುಟ್ಟ ಪರ್ಸು. ಒಂದು ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಉಡುಗೊರೆ ಇರುವಾಗ ಪರ್ಸು ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು ಎನ್ನುತ್ತಾರೆ. ಆಸ್ಪತ್ರೆಗೆ ಓಡಾಡುವವರಿಗೆ ಅಗಲ ಬಾಯಿಯದು, ಫೈಲು ಮಡಚದೆ ಒಳಗೆ ಹೋಗುವಂಥದ್ದು. ಬ್ಯಾಂಕು, ಶಾಲೆಗೆ ಕೆಲಸಕ್ಕೆ ಹೋಗುವವರಿಗೆ ತಳ ಗಟ್ಟಿಯಾಗಿರುವುದು, ಇಲ್ಲದಿದ್ದರೆ ಬುತ್ತಿ ಡಬ್ಬಿ ವಾಲಿ ಸಾರು ಚೆಲ್ಲುತ್ತದೆ. ಸೂಳೆಕೆರೆ ಕಡೆಯಿಂದ ಮೀನು ತಂದು ಮಾರುವ ಹೆಂಗಸರು ಚನ್ನಗಿರಿಯಲ್ಲಿ ಇವರ ಕಾಯಂ ಗಿರಾಕಿಗಳು. ಅವರು ಬಟ್ಟೆಯ ಬ್ಯಾಗು ಎತ್ತಿಕೊಂಡರೆ ನುಜಹತ್ ವಾಪಸ್ ಇಸಿದುಕೊಳ್ಳುತ್ತಾರೆ. ಬಟ್ಟೆ ವಾಸನೆ ಹಿಡಿಯುತ್ತದೆ, ರೆಕ್ಸಿನ್ ಆದರೆ ಒರೆಸಿದರೆ ಹೋಯಿತು.

ದುಡ್ಡಿನ ವಿಷಯದಲ್ಲೂ ಅವರ ಲೆಕ್ಕ ಬೇರೆ. ಜನ ಮದುವೆ ಬ್ಯಾಗಿಗೆ ಐನೂರು ಸುರಿಯುತ್ತಾರೆ, ದಿನಾ ಹಾಕುವುದನ್ನು ನೂರೈವತ್ತಕ್ಕೆ ಕೇಳುತ್ತಾರೆ. ‘ಅದು ಉಲ್ಟಾ ಆಗಬೇಕು ನೋಡ್ರಿ. ಮದುವೀದು ವರ್ಷಕ್ಕೆ ನಾಕು ಸಲ ಹೊರಗೆ ಬರತೈತೆ. ಅದಕ್ಕೆ ನೂರೈವತ್ತು ಸಾಕು. ದಿನಾ ಹೆಗಲ ಮ್ಯಾಲೆ ಕುಂದ್ರೋದಕ್ಕೆ ನಾಕು ಕಾಸು ಜಾಸ್ತಿ ಹಾಕ್ರಿ ಅಂತೀನಿ. ಕೆಲವರು ಕೇಳ್ತಾರೆ, ಕೆಲವರು ಕೇಳಲ್ಲ,’ ಎನ್ನುತ್ತಾರೆ.

ಈ ಕಸುಬು ಅವರಿಗೆ ಬಂದಿದ್ದು ಮಾವ ಅಲ್ಲಾಬಕ್ಷ್ ಅವರಿಂದ. ಕೊಡೆ, ಜಿಪ್ಪು, ಸೂಟ್‌ಕೇಸಿನ ಬೀಗ ರಿಪೇರಿ ಮಾಡುತ್ತ, ಜೊತೆಗೆ ಒಂದಷ್ಟು ಬ್ಯಾಗು ಮಾರುತ್ತ ಸಂತೆ ಸುತ್ತುತ್ತಿದ್ದ ಮನುಷ್ಯ. ಗಂಡ ಅನೀಸ್ ಗೂಡ್ಸ್ ಆಟೊ ಓಡಿಸುತ್ತಿದ್ದರು. ಮಳೆಗಾಲದ ಒಂದು ಸಂಜೆ ನ್ಯಾಮತಿ ರಸ್ತೆಯಲ್ಲಿ ಭತ್ತದ ಹೊಟ್ಟು ತುಂಬಿದ್ದ ಆಟೊ ಮಗುಚಿತು. ಅನೀಸ್ ಅವರ ಬಲಗಾಲು ಅದರ ಅಡಿ ಸಿಕ್ಕಿಕೊಂಡಿತು. ಕಾಲು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಆಟೊ ಮಾರಿದರು. ಇಬ್ಬರು ಹೆಣ್ಣುಮಕ್ಕಳು ಆಗ ಶಾಲೆಯಲ್ಲಿದ್ದರು.

ತಾನು ಸಂತೆಯಲ್ಲಿ ಕೂರುತ್ತೇನೆ ಎಂದು ನುಜಹತ್ ಹೇಳಿದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಾದಿನಿಯರು ಅತ್ತರು. ಅನೀಸ್ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅಲ್ಲಾಬಕ್ಷ್ ಮಾತ್ರ ಮರುದಿನ ಬೆಳಿಗ್ಗೆ ತಮ್ಮ ರಿಪೇರಿ ಪೆಟ್ಟಿಗೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು, ಬಸ್ಸಿಗೆ ಹೊತ್ತಾಯಿತು ಎಂದು ಸೊಸೆಯನ್ನು ಕರೆದರು. ಹೋಗಿದ್ದು ನ್ಯಾಮತಿಗೆ. ಟಾರ್ಪಾಲು ಹಾಸಿ, ತಾವು ಮುಂದೆ ಕೂತು, ಸೊಸೆಯನ್ನು ಹಿಂದೆ ಕೂರಿಸಿಕೊಂಡರು. ನಡುಮಧ್ಯಾಹ್ನದ ಹೊತ್ತಿಗೆ ಬಂದ ಹೆಂಗಸರೆಲ್ಲ ಮುದುಕನನ್ನು ದಾಟಿ ಹಿಂದೆ ಬಗ್ಗಿ ಮಾತಾಡುತ್ತಿದ್ದರು. ಅಲ್ಲಾಬಕ್ಷ್ ಸ್ವಲ್ಪ ಹೊತ್ತು ನೋಡಿದರು, ಎದ್ದು ಜಾಗ ಬದಲಿಸಿದರು.

‘ತಿಂಗಳಿನ ಬಟ್ಟೆ, ಮಾತ್ರೆ, ಗಂಡಂಗೆ ಗೊತ್ತಿಲ್ಲದಂಗೆ ಇಟ್ಟ ನಾಕು ಕಾಸು, ಇವೆಲ್ಲ ಇಡಾಕೆ ಜಾಗ ಬೇಕು ಅಂತ ಗಂಡಸಿನ ಹತ್ರ ಹೆಂಗೆ ಕೇಳ್ತಾರ್ರಿ? ಅದಕ್ಕೇ ಸುಮ್ನೆ ಬಣ್ಣ ನೋಡಿ ತಗಂಡು ಹೋಗ್ತಿದ್ರು,’ ಎನ್ನುತ್ತಾರೆ ನುಜಹತ್.

ಮಾವ ಎರಡು ವರ್ಷ ಜೊತೆಯಲ್ಲಿ ಬಂದರು. ಈಗ ಕಣ್ಣು ಮಂಜಾಗಿದೆ, ಮನೆಯಲ್ಲೇ ಇರುತ್ತಾರೆ. ಅನೀಸ್ ಮೋಟಾರ್ ಕೂರಿಸಿದ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಎಡಗಾಲಿನಲ್ಲಿ ಒತ್ತುತ್ತ, ಹೆಂಡತಿ ತಂದ ಬ್ಯಾಗುಗಳಿಗೆ ಒಳಜೇಬು ಕೂರಿಸುತ್ತಾರೆ, ಕಿತ್ತ ಬೆಲ್ಟು ಹೊಲಿಯುತ್ತಾರೆ. ಒಳ್ಳೆಯ ಸಂತೆಯಲ್ಲಿ ಹದಿನೈದು ಇಪ್ಪತ್ತು ಬ್ಯಾಗು ಹೋಗುತ್ತವೆ. ಮಳೆ ಬಂದರೆ ಮೂರು.

ಜಗಳೂರಿನ ಸಂತೆಗೆ ನುಜಹತ್ ಇವತ್ತು ಬರುತ್ತಿರುವುದೇ ದೊಡ್ಡದು. ನಡುವೆ ಅವರು ಈ ಊರನ್ನೇ ಬಿಟ್ಟಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಸೊಕ್ಕೆ ಕಡೆಯ ಒಂದು ಹಳ್ಳಿಯಿಂದ ಚೌಡಕ್ಕ ಎಂಬ ಹೆಂಗಸು ಇವರ ಅಂಗಡಿಗೆ ಬಂದರು. ಹಳ್ಳಿಯ ಹೆಸರು ಬರೆಯುವುದು ಬೇಡ ಎಂದು ಇಬ್ಬರೂ ಕೇಳಿಕೊಂಡಿದ್ದಾರೆ. ಚೌಡಕ್ಕ ಐವತ್ತು ದಾಟಿದ ವಿಧವೆ, ಸೊಂಟದ ಸಂಚಿಯಲ್ಲಿ ಎಲೆಅಡಿಕೆ ಬಿಟ್ಟರೆ ಕೈಯಲ್ಲಿ ಏನೂ ಹಿಡಿದವರಲ್ಲ. ಮಹಿಳಾ ಮೀಸಲಾತಿಯಲ್ಲಿ ಅವರು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗಿದ್ದರು. ಆವತ್ತು ಸಣ್ಣದೊಂದು ಪರ್ಸು ಕೇಳಿದರು. ನುಜಹತ್ ತಮ್ಮ ಮಾಮೂಲಿ ಪ್ರಶ್ನೆ ಕೇಳಿದರು. ಚೌಡಕ್ಕ ಹೇಳಿದರಂತೆ: ‘ಇಡಾಕೆ ನನ್ನತ್ರ ಏನೈತೆ ಬೂಬಮ್ಮ? ಇರೋದೆಲ್ಲ ನನ್ನ ಮೈದುನನ ಜೇಬಾಗೈತೆ.’

ಪಂಚಾಯ್ತಿಯಿಂದ ಯಾರಿಗೆ ಹಣ ಪಾವತಿಯಾಗಬೇಕಾದರೂ ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಬೆರಳುದ್ದದ ಒಂದು ಡಾಂಗಲ್‌ನಲ್ಲಿ. ಅದು ಚೌಡಕ್ಕನ ಮೈದುನ ಬೈಲಪ್ಪನ ಅಂಗಿ ಜೇಬಿನಲ್ಲಿರುತ್ತಿತ್ತು. ಸೀಲು, ಸಭೆಯ ಕಾಗದಗಳು ಅವನ ಬೈಕಿನ ಪೆಟ್ಟಿಗೆಯಲ್ಲಿ. ಅತ್ತಿಗೆಗೆ ಕೊಡಲು ಅವನು ನೇರವಾಗಿ ಇಲ್ಲ ಅಂದವನಲ್ಲ. ಎಲ್ಲಿ ಇಟ್ಟುಕೊಳ್ಳುತ್ತೀ, ಸೆರಗಿನ ಗಂಟಿನಲ್ಲಾ, ಕಳೆದು ಹಾಕುತ್ತೀ ಎಂದು ನಗುತ್ತಿದ್ದ.

ನುಜಹತ್ ಆ ಮಾತಿಗೆ ಏನೂ ಉಪದೇಶ ಹೇಳಲಿಲ್ಲ. ‘ಈಗ ಇರೋದು ಬಿಡ್ರಿ. ಏನೇನು ಇರಬೇಕು ಅಂತೀರಿ, ಅದನ್ನ ಹೇಳ್ರಿ’ ಎಂದರು. ಚೌಡಕ್ಕ ಒಂದೊಂದಾಗಿ ಹೇಳಿದರು. ಡಾಂಗಲ್, ಸೀಲು, ಕಾಗದ, ಕನ್ನಡಕ, ಕೊನೆಗೆ ಎಲೆಅಡಿಕೆ. ನುಜಹತ್ ಕಾಫಿ ಬಣ್ಣದ, ಫೈಲು ಹಿಡಿಯುವಷ್ಟು ಅಗಲದ ಬ್ಯಾಗು ತೆಗೆದಿಟ್ಟು, ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಅನೀಸ್ ಅದರ ಒಳಗೆ ಜಿಪ್ಪಿನ ಜೇಬೊಂದನ್ನು ಮೈಗೆ ತಾಗುವ ಕಡೆ ಕೂರಿಸಿದರು. ಸುಣ್ಣದ ಡಬ್ಬಿ ಕಾಗದಕ್ಕೆ ತಾಗಬಾರದೆಂದು ಎಲೆಅಡಿಕೆಗೆ ಹೊರಗಡೆ ಬೇರೆ ಜೇಬು ಮಾಡಿದರು. ನಾನೂರೈವತ್ತು ರೂಪಾಯಿ ಎಂದು ಹೇಳಿದ್ದ ಬ್ಯಾಗಿಗೆ ಹೊಲಿಗೆಯ ಕೂಲಿ ಸೇರಿಸಲಿಲ್ಲ.

ಮುಂದಿನ ಸಭೆಗೆ ಚೌಡಕ್ಕ ಆ ಬ್ಯಾಗು ಹಾಕಿಕೊಂಡು ಹೋದರು. ನಡೆದದ್ದನ್ನು ಅವರ ಬಾಯಲ್ಲೇ ಕೇಳಬೇಕು. ‘ಸಭೆ ಮುಗೀತು. ಎಲ್ಲಾ ಮೆಂಬರೂ ಇನ್ನಾ ಕುಂತಿದ್ರು. ನಾನು ಎದ್ದೋಗಿ ಬ್ಯಾಗಿನ ಬಾಯಿ ತೆಗದು ಮೈದುನನ ಮುಂದೆ ಹಿಡಿದೆ. ಹಿಡಕಂಡೇ ನಿಂತೆ. ಅವನು ಅತ್ತಾಗೆ ನೋಡಿದ, ಇತ್ತಾಗೆ ನೋಡಿದ. ಆಮ್ಯಾಕೆ ಜೇಬಿಗೆ ಕೈ ಹಾಕಿ ಡಾಂಗಲ್ ತೆಗದು ಒಳಗೆ ಹಾಕಿದ.’

ಬೈಲಪ್ಪನ ಸಿಟ್ಟು ಅತ್ತಿಗೆಯ ಮೇಲೆ ಹೋಗಲಿಲ್ಲ, ಸಂತೆಗೆ ಬಂತು. ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಜನರ ಎದುರು ನುಜಹತ್ ಅವರನ್ನು ಬೈದ. ಬ್ಯಾಗ್ ಮಾರಾಕೆ ಬಂದೋಳು ಬ್ಯಾಗ್ ಮಾರು, ಮನೆ ಮುರಿಯಾಕೆ ನಿಂಗೆ ಯಾರು ಹೇಳಿದ್ರು ಎಂದ. ನುಜಹತ್ ತಲೆ ತಗ್ಗಿಸಿ ಬ್ಯಾಗುಗಳ ಧೂಳು ಒರೆಸುತ್ತಿದ್ದರು. ಮುಂದಿನ ವಾರ ಹೋಗುವಷ್ಟರಲ್ಲಿ ಅವರು ಕೂರುತ್ತಿದ್ದ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ಕೊಡಗಳನ್ನು ಪೇರಿಸಿದ್ದರು. ಅಕ್ಕಪಕ್ಕದವರು ನೋಡಿಯೂ ನೋಡದಂತೆ ಇದ್ದರು. ನುಜಹತ್ ಮೂಟೆ ಬಿಚ್ಚದೆ ಅದೇ ಬಸ್ಸಿಗೆ ವಾಪಸಾದರು.

‘ನಂಗೆ ಹೆದರಿಕೆ ಆಯ್ತು. ಪರ ಊರು, ಒಂಟಿ ಹೆಂಗಸು. ಮನೀಗೆ ಬಂದು ಇವರಿಗೆ ಹೇಳಿದೆ. ಉಳಿದ ಮೂರು ಊರು ಸಾಕು, ಅದನ್ನ ಬಿಡು ಅಂದ್ರು. ನಾನೂ ಬಿಟ್ಟೆ,’ ಎನ್ನುತ್ತಾರೆ. ಆ ದಿನಗಳಲ್ಲಿ ಬೇರೆ ಊರುಗಳಲ್ಲೂ ಅವರು ಗಿರಾಕಿಗಳನ್ನು ಹೆಚ್ಚು ಮಾತಾಡಿಸಲಿಲ್ಲವಂತೆ. ಕೇಳಿದ್ದು ಕೊಟ್ಟು ದುಡ್ಡು ಇಸಿದುಕೊಂಡರು. ಬಣ್ಣ ನೋಡಿ ಕೊಂಡವರು ಕೊಂಡರು.

ಸುಮಾರು ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೊನ್ನಾಳಿಯ ಅವರ ಮನೆಯ ಮುಂದೆ ಚೌಡಕ್ಕ ನಿಂತಿದ್ದರು. ಎರಡು ಬಸ್ಸು ಬದಲಿಸಿ, ಬಸ್ ನಿಲ್ದಾಣದಲ್ಲಿ ‘ಬ್ಯಾಗಿನ ಬೂಬಮ್ಮ’ ಎಂದು ವಿಚಾರಿಸುತ್ತ ಬಂದಿದ್ದರು. ಜಿಪ್ಪಿನ ರನ್ನರ್ ಕಿತ್ತಿದೆ ಎಂದರು. ಅನೀಸ್ ರನ್ನರ್ ಹಾಕಿಕೊಡುವಾಗ ಅಲ್ಲಾಬಕ್ಷ್ ಪಕ್ಕದಲ್ಲಿ ಕೂತು ಬೆರಳಲ್ಲಿ ಜಿಪ್ಪಿನ ಹಲ್ಲು ಮುಟ್ಟಿ ನೋಡಿ, ಇದನ್ನು ಯಾರೋ ಇಕ್ಕಳದಲ್ಲಿ ಎಳೆದಿದ್ದಾರೆ ಎಂದು ಸೊಸೆಯ ಕಿವಿಯಲ್ಲಿ ಹೇಳಿದರು. ಚಹಾ ಕುಡಿದು ಏಳುವಾಗ ಚೌಡಕ್ಕ ಹೇಳಿದರು: ‘ನೀನು ಬರದಿದ್ರೆ ಅವನು ಗೆದ್ದಂಗಾಯ್ತು. ಬಾ. ನಾನು ಪಕ್ಕದಾಗೆ ಕುಂದ್ರತೀನಿ.’

ಹೇಳಿದಂತೆ ಕೂತರು. ಮುಂದಿನ ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಪಂಚಾಯ್ತಿ ಅಧ್ಯಕ್ಷೆ ನೀಲಿ ಟಾರ್ಪಾಲಿನ ಅಂಚಿನಲ್ಲಿ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಎಲೆಅಡಿಕೆ ಹಾಕುತ್ತ ಕೂತಿದ್ದರು. ಕೊಡದ ವ್ಯಾಪಾರಿ ತಾನೇ ಎದ್ದು ಕೊಡಗಳನ್ನು ಆಚೆ ಸರಿಸಿದ. ಸುತ್ತಲ ಹಳ್ಳಿಯವರು ಅಧ್ಯಕ್ಷೆಗೆ ನಮಸ್ಕಾರ ಹೇಳಲು ಬಂದರು. ಮನೆ ಬಿಲ್ಲು, ನೀರಿನ ಪೈಪು ಎಂದು ದೂರು ಹೇಳಲು ಬಂದವರೂ ಇದ್ದರು. ಬಂದ ಹೆಂಗಸರು ಹಾಗೆಯೇ ಬ್ಯಾಗು ನೋಡಿದರು. ಆವತ್ತು ಸಂಜೆಗೆ ಒಂದು ಮೂಟೆ ಪೂರ್ತಿ ಖಾಲಿಯಾಗಿತ್ತು.

ಬೈಲಪ್ಪ ಆಮೇಲೆ ಜಗಳಕ್ಕೆ ಬರಲಿಲ್ಲ. ರಾಜಿಗೂ ಬಂದಿಲ್ಲ. ಈ ಜೂನಿನಲ್ಲಿ ಅವನ ಮಗಳು ಚೈತ್ರಶ್ರೀ ದಾವಣಗೆರೆಗೆ ಕಾಲೇಜಿಗೆ ಸೇರಿದಾಗ ದೊಡ್ಡಮ್ಮ ಚೌಡಕ್ಕನ ಜೊತೆ ಬ್ಯಾಗು ಕೊಳ್ಳಲು ಬಂದಿದ್ದಳು. ಅಪ್ಪ ಎದುರಿನ ಚಹಾದಂಗಡಿಯಲ್ಲಿ ಬೆನ್ನು ಹಾಕಿ ನಿಂತಿದ್ದ. ದಿನಾ ಬಸ್ಸಿನಲ್ಲಿ ನಿಂತು ಹೋಗಿಬರುವ ಹುಡುಗಿಗೆ ನುಜಹತ್ ಎದೆಗೆ ಅಡ್ಡವಾಗಿ ಹಾಕುವ, ಜಿಪ್ಪು ಮೈ ಕಡೆಗೆ ಬರುವ ಬ್ಯಾಗು ಆರಿಸಿಕೊಟ್ಟರು. ದುಡ್ಡು ಕೊಡಲು ಮಾತ್ರ ಬೈಲಪ್ಪ ಬಂದ. ಚೌಕಾಸಿ ಮಾಡಲಿಲ್ಲ. ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿ, ಗಟ್ಟಿ ಐತಾ ಎಂದು ಯಾರನ್ನೂ ನೋಡದೆ ಕೇಳಿದ. ಐತೆ ಎಂದರು ನುಜಹತ್. ಅಷ್ಟೇ ಮಾತು.

ನುಜಹತ್ ಅವರ ದೊಡ್ಡ ಮಗಳಿಗೆ ಮದುವೆಯಾಗಿದೆ. ಚಿಕ್ಕವಳು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಈಚೆಗೆ ಮೊಬೈಲಿನಲ್ಲಿ ಬ್ಯಾಗು ತರಿಸುವವರು ಹೆಚ್ಚಾಗಿದ್ದಾರೆ. ಅದರಿಂದ ವ್ಯಾಪಾರ ತಗ್ಗಿದೆಯೇ ಎಂದರೆ, ತಗ್ಗಿದೆ ಎಂದು ಒಪ್ಪುತ್ತಾರೆ. ಆದರೆ ತರಿಸಿದ ಬ್ಯಾಗಿನ ಜಿಪ್ಪು ಕಿತ್ತಾಗ ಇಲ್ಲಿಗೇ ಬರುತ್ತಾರೆ ಎಂದು ಸಣ್ಣಗೆ ನಗುತ್ತಾರೆ.

ಸಂಜೆ ಮೂಟೆ ಕಟ್ಟುವಾಗ, ಮುಂದೆ ಏನು ಆಸೆ ಎಂದು ಕೇಳಿದೆ. ಹೊನ್ನಾಳಿ ಪೇಟೆಯಲ್ಲಿ ಬೀಗ ಹಾಕುವ ಸಣ್ಣ ಮಳಿಗೆಯೊಂದು ಸಿಕ್ಕರೆ ಸಾಕು ಎಂದರು. ಮಳೆ, ಬಿಸಿಲು, ಕಂಡಕ್ಟರನ ಜಗಳ ತಪ್ಪುತ್ತದೆ ಎಂದು ನಾನು ಅಂದುಕೊಂಡೆ. ಅವರ ಕಾರಣ ಬೇರೆಯೇ ಇತ್ತು.

‘ಆಳೆತ್ತರದ ಕನ್ನಡಿ ಹಾಕಬೇಕ್ರಿ. ಅದನ್ನ ಬಸ್ಸಿನಾಗೆ ತರಾಕಾಗಲ್ಲ. ಬ್ಯಾಗ್ ಹಾಕ್ಕಂಡ ಮ್ಯಾಲೆ ತಾನು ಹೆಂಗೆ ಕಾಣ್ತೀನಿ ಅಂತ ತಲೆಯಿಂದ ಕಾಲಿನ ತನಕ ನೋಡ್ಕಳಾಕೆ ಯಾವ ಹೆಣ್ಣುಮಗಳಿಗೂ ಇಲ್ಲಿ ಆಗಲ್ಲ,’ ಎಂದು ಹಗ್ಗದ ಗಂಟು ಬಿಗಿದರು. ‘ಈಗ ನಾನು ನೋಡಿ ಚೆನ್ನಾಗೈತೆ ಅಂದ್ರೆ, ಅದನ್ನೇ ನಂಬ್ಕಂಡು ಹೋಗ್ತಾರೆ.’