ಕಮಲಾಪುರದ ಆಯಿಯನ್ನು ಕೊಂದವನು ನಾನು

ಕಮಲಾಪುರದ ಆಯಿ ತೀರಿಕೊಂಡರೆಂದು ನಿಮಗೆಲ್ಲ ಮೇಲ್ ಬರೆದವನು ನಾನು. ಅದು ಸುಳ್ಳು. ಆಯಿ ತೀರಿಕೊಂಡಿರಲಿಲ್ಲ — ತೀರಿಕೊಳ್ಳುವುದಕ್ಕೆ ಅವರು ಹುಟ್ಟಿರಲೇ ಇಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನನ್ನ ಇಬ್ಬರು ಆಯಿಯರೂ ನಾನು ಹುಟ್ಟುವ ಮೊದಲೇ ಹೋಗಿದ್ದರು. 'ಆಯಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ' ಎಂದು ಪ್ರತಿ ಕತೆಯ ಕೆಳಗೂ ಬರೆಯುತ್ತಿದ್ದ ಮೊಮ್ಮಗನೇ ಆಯಿ. ಏಳು ವರ್ಷ ಬಚ್ಚಿಟ್ಟಿದ್ದೆ. ಹೋದ ತಿಂಗಳು ಒಬ್ಬರಿಗೆ ಹೇಳಿದೆ, ಈಗ ನಿಮಗೆ.

ನಿಮ್ಮ ಮನೆಯವರು ಯಾರಾದರೂ ಹೆಗಲ ಮೇಲಿಂದ ಓದುತ್ತಿದ್ದರೆ ಅವರಿಗಾಗಿ ಎರಡು ಮಾತು. ಟಿವಿಯಲ್ಲಿ ಬರುತ್ತಿದ್ದ ಒಂದು ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಸೊಸೆ ಚೀಲ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು, ಅಷ್ಟೇ. ಮುಂದಿನದನ್ನು ನಾವೇ ಬರೆಯತೊಡಗಿದೆವು — ಒಂದು ಮೇಲ್ ಗುಂಪು, ಮೂವತ್ತು ನಲವತ್ತು ಜನ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಆ ಧಾರಾವಾಹಿಯಲ್ಲೊಮ್ಮೆ ಅತ್ತೆ ಅರ್ಧ ಬಾಳೆಹಣ್ಣು ತಿಂದು ಸೊಸೆಯನ್ನು ಬೈಯುತ್ತಾಳೆ. ಬೈಗುಳ ಮುಗಿಯುವಷ್ಟರಲ್ಲಿ ಕೈಯಲ್ಲಿನ ಹಣ್ಣು ಮತ್ತೆ ಇಡಿಯಾಗಿರುತ್ತದೆ. ಧಾರಾವಾಹಿ ತೆಗೆದವರು ನೋಡಿರಲಿಲ್ಲ, ನಾವು ನೋಡಿದ್ದೆವು. ಅಂದಿನಿಂದ ನಮ್ಮ ಪ್ರತಿ ಕತೆಯಲ್ಲೂ ಎಲ್ಲೋ ಒಂದು ಕಡೆ ತಿನ್ನದ ಬಾಳೆಹಣ್ಣೊಂದು ಅಡಗಿರಲೇಬೇಕು. ಮೊದಲು ಕಂಡವರು 'ಸಿಕ್ತು' ಎಂದು ಒಂದೇ ಮಾತಿನ ಉತ್ತರ ಬರೆಯಬೇಕು. ಮೆಚ್ಚುಗೆ ಗಿಚ್ಚುಗೆ ಎಲ್ಲ ಆಮೇಲೆ.

ಆಗ ನಾನು ಡಿಗ್ರಿ ಮುಗಿಸಿ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಖಾಲಿ ಕೂತವನು, ಸೈಬರ್ ಕೆಫೆಯೇ ನನ್ನ ಕಟ್ಟೆ. ನನ್ನ ಸ್ವಂತ ಹೆಸರಿನ ಮೂರು ಕತೆಗಳಿಗೆ ಯಾರೂ 'ಸಿಕ್ತು' ಕೂಡ ಬರೆಯಲಿಲ್ಲ. ನಾಲ್ಕನೆಯದನ್ನು ಆಯಿಯ ಹೆಸರಿನಲ್ಲಿ ಕಳಿಸಿದೆ. ಬಾಳೆಹಣ್ಣಿನ ಗುಂಪಿಗೆ ಕೆಂಪು ಬಾಳೆಯ ಕಮಲಾಪುರಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು? ನಮ್ಮ ಸೋದರತ್ತೆಯ ಊರೂ ಅದೇ. ಸಂಜೆಯೊಳಗೆ ಹನ್ನೆರಡು ಉತ್ತರ ಬಂದವು. ನೀವೆಲ್ಲ ಆಯಿಯ ಮಂಡಿನೋವು ವಿಚಾರಿಸಿದಿರಿ. ಅದು ನನಗೆ... ಹೇಳಲಿಕ್ಕೆ ನಾಚಿಕೆ, ಬಹಳ ಹಿತವಾಗಿತ್ತು.

ನಿರ್ಮಲಕ್ಕ ನಂದೂರಿನ ದಾಲ್‌ಮಿಲ್ ಒಂದರ ಆಫೀಸಿನಲ್ಲಿದ್ದರು; ಊಟದ ಬಿಡುವಿನಲ್ಲಿ ಅಲ್ಲಿನ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವರು ಅವರೇ, ನಿಮಗೂ ಗೊತ್ತು. ನಾವೆಲ್ಲ ಸೊಸೆಯನ್ನು ತವರಿಗೋ ಕೋರ್ಟಿಗೋ ಕಳಿಸಿದರೆ, ಅವರು ಅತ್ತೆಯನ್ನೇ ಮನೆ ಬಿಡಿಸಿದ್ದರು. ಒಂಬತ್ತು ಕಂತು ಬಂದಿದ್ದವು. ಆ ಹೊತ್ತಿಗೆ ನಾನು ಆಯಿಯ ಒಂದು ಕತೆಯನ್ನು ಅವಸರದಲ್ಲಿ ಗೀಚಿ ಕಳಿಸಿದೆ. ಅವರು ಎಲ್ಲರೆದುರು ತಮಾಷೆ ಮಾಡಿದರು: 'ಆಯಿ, ಈ ಸಲ ಹಣ್ಣ ಸಿಗವಲ್ದು. ಕಣ್ಣ ಮಂಜಾಗ್ಯಾವ ಕಾಣ್ತದ, ಇನ್ನ ಕತಿ ಮೊಮ್ಮಗಗ ಬಿಡ್ರಿ.'

ನೀವೆಲ್ಲ ನಕ್ಕಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗುಟ್ಟು ತಿಳಿದೇ ಹೀಗೆ ಬರೆದರೇನೋ ಎಂದು ನನಗೆ ದಿಗಿಲು. ದಿಗಿಲಿಗಿಂತ ಹೆಚ್ಚು ಸಿಟ್ಟು. ಮೂರನೆಯ ದಿನ ಆಯಿಯನ್ನು ಕೊಂದೆ. 'ಆಯಿ ಶಿವನ ಪಾದ ಸೇರಿದರು' — ಒಂದೇ ಸಾಲು. ನೀವು ಹನ್ನೊಂದು ದಿನ ಹಣ್ಣಿಲ್ಲದ ಕತೆಗಳನ್ನು ಬರೆದು ಆಯಿಯ ಸೂತಕ ಹಿಡಿದಿರಿ. ನಾನು ಕೆಫೆಯಲ್ಲಿ ಕೂತು ಒಂದೊಂದನ್ನೂ ಓದಿದೆ. ಸಾವನ್ನು ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಹುಡುಗಾಟ ಎನ್ನಬಹುದಿತ್ತೇನೋ. ಆದರೆ ಆ ಸೂತಕದ ನಡುವೆಯೇ ನಿರ್ಮಲಕ್ಕ ಬರೆದರು — ಭಾನುವಾರ ಕಮಲಾಪುರಕ್ಕೆ ಬರುತ್ತೇನೆ, ಮನೆ ತೋರಿಸು. ಬೇಡವೆನ್ನಲು ನೆವ ಹೊಳೆಯಲಿಲ್ಲ. ಅವರಿಗಿಂತ ಮೊದಲಿನ ಬಸ್ಸಿಗೇ ಹೋಗಿ ನಿಂತೆ. ಸೋದರತ್ತೆಯ ಮನೆಯವರೆಲ್ಲ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಬೀಗ ಹಾಕಿದ ಆ ಮನೆಯನ್ನೇ ಆಯಿಯ ಮನೆಯೆಂದು ತೋರಿಸಿ, ಅವರು ಹೋದ ಮೇಲೆ ಬೀಗ ಹಾಕಿದ್ದೇವೆ ಎಂದೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಿರುವುದಿಲ್ಲವೆಂದು ಅವರು ಬುತ್ತಿ ಕಟ್ಟಿಕೊಂಡು ಬಂದಿದ್ದರು — ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕಟ್ಟೆಯ ಮೇಲೆ ಕೂತು, ಬಾಗಿಲ ಕಡೆ ನೋಡುತ್ತಲೇ ಕೇಳಿದರು.

"ನಾ ಹಣ್ಣ ಸಿಗವಲ್ದು ಅಂತ ಚಾಷ್ಟಿಗಿ ಬರದಿದ್ದು ಆಯಿಗಿ ಓದಿ ಹೇಳಿದ್ದೇನು, ತಮ್ಮಾ?"

"ಹೇಳಿದ್ದೆರಿ, ಅಕ್ಕಾರ."

"ಏನಂದ್ರು?"

'ನಕ್ಕರು' ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದಕ್ಕಿಂತ ಚಂದದ ಸಾಲೊಂದು ಹೊಳೆದುಬಿಟ್ಟಿತು — ಕತೆ ಬರೆಯುವವನ ಚಪಲ, ಅದರ ಜೊತೆ ಆರದ ಸಿಟ್ಟು.

"ಏನೂ ಅನ್ಲಿಲ್ಲರಿ," ಎಂದೆ. "ಸುಮ್ಮನಾದ್ರು."

ಅವರು ಅಳಲಿಲ್ಲ. ತಲೆ ಅಲ್ಲಾಡಿಸಿ, ಬುತ್ತಿಯನ್ನು ನನ್ನ ಕೈಗಿಟ್ಟು, ಬಸ್ ಹಿಡಿದು ಹೋದರು. ಹತ್ತನೆಯ ಕಂತು ಬರಲೇ ಇಲ್ಲ. ಯಾಕೆ ನಿಲ್ಲಿಸಿದರೆಂದು ನೀವೆಲ್ಲ ಕೇಳಿದಿರಿ, ನಾನೂ ನಿಮ್ಮ ಜೊತೆ ಸೇರಿ ಕೇಳಿದೆ. ಆ ಬುತ್ತಿಯನ್ನು ಅದೇ ಕಟ್ಟೆಯ ಮೇಲೆ ಕೂತು ಉಂಡೆ. ರುಚಿಯಾಗಿತ್ತು — ಅದನ್ನೂ ಹೇಳಿಬಿಡಬೇಕು.

ಹೋದ ತಿಂಗಳು ನೆಹರು ಗಂಜ್ ಪೇಟೆಗೆ ತೊಗರಿಬೇಳೆ ತರಲು ಹೋದಾಗ ಅಂಗಡಿಯೊಳಗಿನ ಮೇಜಿನ ಹಿಂದೆ ನಿರ್ಮಲಕ್ಕ ಕೂತಿದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತು ಹಿಡಿದರು. ಚಹಾ ತರಿಸಿ, ಈಗ ಏನಾದರೂ ಬರೆಯುತ್ತೀಯಾ ಎಂದು ಕೇಳಿದರು. ನೀವು ಬರೆಯುತ್ತೀರಾ ಎಂದು ನಾನು ಕೇಳಿದೆ.

"ನಾ ಎಲ್ಲಿ ಬರೀಲಿ, ತಮ್ಮಾ. ಪೆನ್ನ ಹಿಡದ್ರ ನಿಮ್ಮ ಆಯಿ ನೆನಪಾಗ್ತಾರ. ಹೋಗೂ ಜೀವಕ್ಕ ನೋವು ಮಾಡಿದ್ನಲ್ಲ."

ಆ ಮಾತಿನ ಮೇಲೆ ನನಗೆ ಆ ಚಹಾ ಕುಡಿಯಲಾಗಲಿಲ್ಲ. ಹೇಳಿದೆ. ಮೊದಲಿಂದ, ಒಂದೂ ಬಿಡದೆ — ಸಿಟ್ಟನ್ನೂ ಬುತ್ತಿಯನ್ನೂ. ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು. ಬೈಯುತ್ತಾರೆ ಎಂದು ಕಾದೆ; ಬೈದಿದ್ದರೆ ಒಳ್ಳೆಯದಿತ್ತು. ಅವರು ಕೇಳಿದ್ದು ಬೇರೆ.

"ಆ ಕಡೀ ಕತ್ಯಾಗ ಹಣ್ಣ ಎಲ್ಲಿತ್ತು?"

"ಇರಲಿಲ್ರಿ. ಇಡೂದು ಮರ್ತಿದ್ದೆ."

"ಇರಲೇ ಇಲ್ಲ?"

"ಇಲ್ರಿ, ಅಕ್ಕಾರ."

"ಅಂದ್ರ ನಾ ಅಂದಿದ್ದು ಖರೇನೇ ಇತ್ತು." ಸೆರಗಿನಿಂದ ಮುಖ ಒರೆಸಿಕೊಂಡರು. "ಏಳು ವರ್ಷ ನನ್ನ ಬಾಯಿನೇ ಕೆಟ್ಟದ್ದು ಅಂತ ತಿಳ್ಕೊಂಡು ಕುಂತೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎದ್ದು ಹೊರಟಾಗ ಕರೆದು ಹೇಳಿದರು: "ನನಗೊಬ್ಬಾಕಿಗಿ ಹೇಳಿದ್ರ ಮುಗೀತೇನು? ಹನ್ನೊಂದು ದಿನ ಹಣ್ಣ ಬಿಟ್ಟವರಿಗೆಲ್ಲಾ ಬರಿ. ಬಣ್ಣಾ ಹಚ್ಚಬ್ಯಾಡ."

ಅದಕ್ಕೇ ಇದು. ಗುಂಪು ಚದುರಿ ಎಷ್ಟೋ ಕಾಲವಾಯಿತು. ಹಳೆಯ ವಿಳಾಸಗಳಲ್ಲಿ ಅರ್ಧ ಈಗ ಇಲ್ಲದಿರಬಹುದು, ಇರುವವರು ಉಗಿಯಬಹುದು. ಉಗಿಯಿರಿ. ಆದರೂ ನಿಜ ಹೇಳುತ್ತೇನೆ — ಗಂಜ್‌ನಿಂದ ಮನೆಗೆ ನಡೆದು ಬರುವಾಗ ಮೈ ಹಗುರಾಗಿತ್ತು, ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೇಳೆ ತರುವುದನ್ನು ಮರೆತು ಬಂದೆನೆಂದು ಮನೆಯಲ್ಲಿ ಬೈಸಿಕೊಂಡೆ, ಅದೂ ಹಿತವಾಗಿತ್ತು.

ಇದರ ಕೆಳಗೆ ನಿರ್ಮಲಕ್ಕನ ಹತ್ತನೆಯ ಕಂತು ಇದೆ. ನಿನ್ನೆ ಕಳಿಸಿದರು, ಇದರ ಜೊತೆಗೇ ಹಾಕು ಎಂದರು. ಅತ್ತೆ ಕಮಲಾಪುರದಲ್ಲಿ ಬಸ್ ಇಳಿದು, ಬೀಗ ಹಾಕಿದ ಒಂದು ಮನೆಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಾಳೆ. ಹಣ್ಣು ಎಲ್ಲಿದೆಯೆಂದು ನನಗೆ ಮೊದಲ ಓದಿಗೇ ಕಂಡಿತು. 'ಸಿಕ್ತು' ಎಂದು ಬರೆಯುವ ಹಕ್ಕು ನಿಮ್ಮಲ್ಲಿ ಒಬ್ಬರದು. ಓದಿ, ಹುಡುಕಿ, ಅವರಿಗೆ ಬರೆಯಿರಿ. ಈ ಸಲ ನಾನು ಸುಮ್ಮನಿರುತ್ತೇನೆ.