ಗಂಗವ್ವ ಹೊರಗಿನವಳಂತೆ

ಹದಿನೈದು ದಿನದ ಹಿಂದೆ ಒಂದು ಬೆಳಿಗ್ಗೆ ನಮ್ಮ ಕಾಲೊನಿಯ ವಾಚ್‌ಮನ್ ಮುಖ ಕೆಂಪಗಾಗಿತ್ತು. ಯಾರೂ ಬೈದಿರಲಿಲ್ಲ. ಹಾಲಿನ ಗಂಗವ್ವ ಒಂದು ಮಾತು ಆಡಿದ್ದಳು, ಅಷ್ಟೇ.

ಗೇಟಿಗೆ ಹೊಸ ಬೋರ್ಡು ಬಂದಿತ್ತು: ‘ಹೊರಗಿನವರಿಗೆ ಪ್ರವೇಶವಿಲ್ಲ’. ಗಂಗವ್ವನಿಗೆ ಓದು ಬರುವುದಿಲ್ಲ. (ನನ್ನದೂ ನಾಲ್ಕನೇ ಇಯತ್ತೆಗೇ ಮುಗಿದಿದೆ. ಅಕ್ಷರ ಕೂಡಿಸಿ ಓದುತ್ತೇನೆ.) ವಾಚ್‌ಮನ್ ಓದಿ ಹೇಳಿದ.

“ಹೊರಗಿನವ್ರು ಒಳಗ ಬರೂಹಂಗಿಲ್ಲಬೇ.”

“ನಾ ಹೊರಗಾಗೂದು ನಿಂತು ಹತ್ತು ವರ್ಷಾತೋ ತಮ್ಮಾ. ಗೇಟ್ ತಗಿ.”

ತಿಂಗಳಿಗೆ ಮೂರು ದಿನ ‘ಹೊರಗೆ’ ಕೂತು ಬೆಳೆದ ಹೆಂಗಸು. ಆ ಮಾತಿಗೆ ಆಕೆ ಬೇರೆ ಅರ್ಥ ಎಲ್ಲಿಂದ ತರಬೇಕು? ವಾಚ್‌ಮನ್ ನೆಲ ನೋಡುತ್ತ ಗೇಟು ತೆಗೆದ. ಪಾತ್ರೆ ಹಿಡಿದು ಅಲ್ಲೇ ನಿಂತಿದ್ದ ನಾನು ನಕ್ಕೆ.

ಆಮೇಲೆ ಆಕೆಯ ಸೀರೆ ನೋಡಿದೆ. ಮೊಣಕಾಲಿನಿಂದ ಕೆಳಗೆ ಬರೀ ಹಾಲು, ಮಣ್ಣು.

“ಏನಾತ?”

“ಲಾರಿ ಮೈಮ್ಯಾಲೇ ಬಂತ್ರಿ ಅಮ್ಮಾರ. ಸರಿಯಾಕ ಹೋಗಿ ತಗ್ಗಿನ್ಯಾಗ ಬಿದ್ನಿ. ನಾಳಿಂದ ನಾ ಬರಂಗಿಲ್ರಿ.”

ರಾಯಾಪುರದ ಈಚೆ ಹೈವೇಗೆ ಅಂಟಿಕೊಂಡ ಕಾಲೊನಿ ನಮ್ಮದು. ಹೆಸರಿನಲ್ಲಿ ‘ಟೌನ್‌ಶಿಪ್’ ಇದೆ. ಟೌನೂ ಇಲ್ಲ, ಶಿಪ್ಪೂ ಇಲ್ಲ. ಹಿಂದಿನ ಕಂಪೌಂಡಿನಲ್ಲಿ ಊರಿನ ಕಡೆಗೆ ಒಂದು ಸಂದು ಇತ್ತು. ಗಂಗವ್ವ ಅದರಿಂದ ಬಂದು ಮನೆ ಮನೆಗೆ ಹಾಲು ಹಾಕಿ ಹೋಗುತ್ತಿದ್ದಳು. ಅದರ ಹಿಂದಿನ ವಾರವಷ್ಟೇ ‘ಸೆಕ್ಯುರಿಟಿ’ ಅಂತ ಹೇಳಿ ಅದನ್ನು ಇಟ್ಟಿಗೆಯಿಂದ ಮುಚ್ಚಿದರು. ಅಂದಿನಿಂದ ಆಕೆ ಕ್ಯಾನು ಹೊತ್ತು ಹೈವೇ ಸುತ್ತಿ ಬರಬೇಕಾಯಿತು. ಅಲ್ಲಿ ನಡೆಯುವವರಿಗೆ ಜಾಗವಿಲ್ಲ. ಹಾಗಾದರೆ ಇದು ಯಾರ ಸೆಕ್ಯುರಿಟಿ?

ಭಾನುವಾರ ಅಸೋಸಿಯೇಶನ್ ಮೀಟಿಂಗ್. ನಾನೂ ಹೋದೆ. (ಯಾರೂ ಕರೆದಿರಲಿಲ್ಲ.) ಅಧ್ಯಕ್ಷರು ರಿಟೈರ್ಡ್ ಆಫೀಸರು. ಮನೆಯಲ್ಲಿ ಫೈಲಿಲ್ಲ, ಅದಕ್ಕೇ ನಮ್ಮನ್ನು ಹಿಡಿದಿದ್ದಾರೆ.

“ಆ ಸಂದು ತಗಸ್ರಿ,” ಅಂದೆ.

“ಹಂಗ ಬರೂದಿಲ್ರಿ ಅಜ್ಜಿ. ಔಟ್‌ಸೈಡರ್ಸ್ ಬರ್ತಾರ.”

“ನೀವು ಎಲ್ಲಿಯವ್ರು?”

“ನಾವು ಮಾಳಮಡ್ಡಿಯವ್ರು.”

“ನಿಮ್ಮ ಸೆಕ್ರೆಟರಿ?”

“ಬಾಗಲಕೋಟಿ.”

“ನಾ ಉಪ್ಪಿನಬೆಟಗೇರಿಯಾಕಿ. ಇಲ್ಲೇ ಹುಟ್ಟಿ, ಇಲ್ಲೇ ಲಗ್ನಾಗಿ, ಈ ಕಾಲೊನಿ ಎದ್ದ ತನ್ನ ಹೊಲದಾಗ ದುಡದಾಕಿ ಗಂಗವ್ವ. ನಿಮ್ಮ ಕಾರ್ ನಿಂತೈತಲ್ಲ, ಅಲ್ಲಿ ಆಕಿ ಎಮ್ಮಿ ಕಟ್ತಿದ್ಲು. ಈಗ ಹೇಳ್ರಿ, ಹೊರಗಿನವ್ರು ಯಾರು?”

ಅಧ್ಯಕ್ಷರು ಮುಂದಿನ ವಿಷಯಕ್ಕೆ ಹಾಳೆ ತಿರುವಿದರು. ಅವರ ಹೆಂಡತಿ ಹಿಂದಿನಿಂದ, “ಆಕಿ ಬರಲಿಲ್ಲಂದ್ರ ಇನ್ನ ಮ್ಯಾಲ ನಿಮಗ ಪಾಕೀಟ ಹಾಲಿನ ಚಹಾನ ನೋಡ್ರಿ,” ಅಂದರು.

ನ್ಯಾಯದ ಮಾತಿಗೆ ಅಲುಗದ ಅಧ್ಯಕ್ಷರು ಚಹಾದ ಮಾತಿಗೆ ಅಲುಗಿದರು. ಠರಾವು ಪಾಸಾಯಿತು.

ಈಗ ಇಟ್ಟಿಗೆ ಒಡೆದು ಸಣ್ಣ ಗೇಟು ಕೂಡಿಸಿದ್ದಾರೆ. ಗಂಗವ್ವ ಹೈವೇ ಹತ್ತಬೇಕಾಗಿಲ್ಲ. ಆದರೆ ಅಸೋಸಿಯೇಶನ್ ಅಂದಮೇಲೆ ಏನಾದರೂ ನಿಯಮ ಬೇಡವೇ? ಆಕೆಯ ಕೊರಳಿಗೆ ಒಂದು ಕಾರ್ಡು ನೇತುಹಾಕಿದ್ದಾರೆ. ಅದರ ಮೇಲೆ ‘ವಿಸಿಟರ್’ ಅಂತ ಇದೆ.

“ಹಂಗಂದ್ರೇನ್ರಿ ಅಮ್ಮಾರ?” ನಿನ್ನೆ ಕೇಳಿದಳು.

“ನೋಡಾಕ ಬಂದಾಕಿ ಅಂತ.”

ಗಂಗವ್ವ ಸುತ್ತಲಿನ ಮನೆಗಳ ಮೇಲೆ ಕಣ್ಣಾಡಿಸಿದಳು. “ಇಷ್ಟು ವರ್ಷ ಇಲ್ಲೇ ಜ್ವಾಳಾ ಬಿತ್ತೇನಿ. ಇನ್ನೇನ್ ನೋಡೂದೈತ್ರಿ?” ಅಂದು ಹಾಲು ಅಳೆದು ಹಾಕಿದಳು.

ಕಾರ್ಡಿನ ಹಿಂದೆ ‘ಕೆಲಸ ಮುಗಿದ ಮೇಲೆ ವಾಪಸ್ ಕೊಡತಕ್ಕದ್ದು’ ಎಂದು ಬರೆದಿದೆ. ಆಕೆಯ ಹೊಲ ತೆಗೆದುಕೊಂಡವರಿಗೂ ಇದೇ ನಿಯಮ ಹಾಕಿದ್ದರೆ ನಾವೆಲ್ಲ ಈಗ ಎಲ್ಲಿರುತ್ತಿದ್ದೆವು?