ಹಾಳುಗೋಡೆಯ ಸ್ಪೆಷಲಿಸ್ಟ್

ಕಳೆದ ಭಾನುವಾರ ಅಟ್ಟದಲ್ಲಿ ಸುತ್ತಿಗೆ ಹುಡುಕುತ್ತಿದ್ದಾಗ ಆರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯೊಂದು ಕೈಗೆ ಸಿಕ್ಕಿತು. ಅಂಚಿನಲ್ಲಿ ಇನ್ನೂ ಒಣ ಸಿಮೆಂಟು ಅಂಟಿಕೊಂಡಿತ್ತು. ಗಾರೆ ಕೆಲಸದವರು ಹಸಿ ಗೋಡೆಯ ಮೇಲೆ ಇದನ್ನು ಎಳೆದು ಮಟ್ಟ ಮಾಡುತ್ತಾರೆ. ಗಟ್ಟಿಯಾದ ಮೇಲೆ ಇದನ್ನೇ ಗೋಡೆಗೆ ಆನಿಸಿ, ಹಿಂದಿನಿಂದ ದೀಪ ಹಿಡಿದು ನೋಡುತ್ತಾರೆ. ಸಂದಿಯಲ್ಲಿ ಬೆಳಕು ತೂರಿದರೆ ಮೇಸ್ತ್ರಿಯ ಕೈ ಸರಿಯಿಲ್ಲ ಎಂದು ಲೆಕ್ಕ.

ಸುತ್ತಿಗೆ ಬೇಕಾಗಿದ್ದದ್ದು ಮಗಳ ಆಸೆಗೆ. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಾಲ್ ಗೋಡೆಯನ್ನು ಅಲ್ಲಲ್ಲಿ ಕೆತ್ತಿ, ಇಟ್ಟಿಗೆ ಕಾಣುವಂತೆ ‘ರಾ ಲುಕ್’ ಮಾಡಬೇಕಂತೆ.

“ಊರಿಗೆಲ್ಲ ಮಾಡ್ಕೊಟ್ಟಿದ್ದೀಯಲ್ಲಪ್ಪಾ, ನಮ್ಮನೆಗೆ ಮಾತ್ರ ಯಾಕೆ ಜಿಪುಣತನ?” ಎಂದಳು.

ಅವಳ ಮಾತಿನಲ್ಲಿ ಸುಳ್ಳಿಲ್ಲ. ಹತ್ತು ವರ್ಷ ಕಾಲ ನಾನು ಇಂದಿರಾನಗರದಿಂದ ಮಾರತ್ತಹಳ್ಳಿಯವರೆಗೆ ಹಾಳುಗೋಡೆಗಳ ಸ್ಪೆಷಲಿಸ್ಟ್ ಆಗಿದ್ದವನು. ಆ ಬಿರುದು ನನಗೆ ಹೇಗೆ ಬಂತು ಎಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಮಗಳ ಮುಂದೆ ಹೇಳುವ ಧೈರ್ಯ ಇಷ್ಟು ದಿನ ಇರಲಿಲ್ಲ.

ಜೋಗುಪಾಳ್ಯದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದವನು ನಾನು. ತೊಂಬತ್ತರ ದಶಕದ ಕೊನೆಗೆ ಕಂಟ್ರಾಕ್ಟರ್ ಆದೆ. ಓದು ಕಡಿಮೆ, ಬಾಯಿ ಜಾಸ್ತಿ. ಆ ಅನುಭವದ ಮೇಲೆ ನಿಮಗೊಂದು ಬಿಟ್ಟಿ ಸಲಹೆ: ಯಾರಾದರೂ ಡಿಸೈನರ್ ನಿಮ್ಮ ಖಾಲಿ ಮನೆಯ ನಡುವೆ ಕಣ್ಣು ಮುಚ್ಚಿ ನಿಂತು, “ಈ ಜಾಗ ನನ್ನ ಹತ್ರ ಮಾತಾಡ್ತಾ ಇದೆ” ಎಂದರೆ, ಫ್ರಿಜ್ಜಿನ ಪ್ಲಗ್ಗು ಎಲ್ಲಿ ಬರುತ್ತದೆ ಎಂದು ತಕ್ಷಣ ಕೇಳಿ. ಜಾಗ ಅದೊಂದನ್ನು ಮಾತ್ರ ಅವರಿಗೆ ಹೇಳಿರುವುದಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಇಂದಿರಾನಗರದ ಒಂದು ಬಂಗಲೆಯ ಒಳಗಿನ ಕೆಲಸ ಸಿಕ್ಕಿತು. ಡಿಸೈನರ್ ರೋಹನ್ ಎಂಬ ತರುಣ. ವಿದೇಶದಲ್ಲಿ ಓದಿ ಬಂದವನು, ಸೈಟಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಮೊಳೆ ಚುಚ್ಚಿದಾಗಲೆಲ್ಲ ನಮ್ಮನ್ನು ಬೈಯುತ್ತಿದ್ದ. ಕೋಳಿ ಮುಚ್ಚುವ ಬುಟ್ಟಿ ಅಲ್ಲಿ ತೂಗುದೀಪವಾಯಿತು. ಸ್ನಾನದ ತೊಟ್ಟಿ ಮಲಗುವ ಕೋಣೆಗೆ ಬಂತು. ಬಚ್ಚಲಿಗೆ ನಾಲ್ಕೂ ಕಡೆ ಗಾಜು. ಮನೆಯೊಡತಿಯ ಅತ್ತೆ ಆ ಗಾಜನ್ನು ಒಮ್ಮೆ ನೋಡಿ, ಮಗಳ ಮನೆಗೆ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕುರ್ಚಿಯ ಬದಲು ತುಕ್ಕು ಹಿಡಿದ ಎಣ್ಣೆ ಡ್ರಮ್ಮುಗಳು ಬೇಕಾದವು. ಶಿವಾಜಿನಗರದ ಗುಜರಿ ಸಾಹೇಬರ ಹತ್ತಿರ ಗಂಟೆಗಟ್ಟಲೆ ಚೌಕಾಸಿ ಮಾಡಿ ಆರು ಡ್ರಮ್ಮು ಹೇಳಿ ಬಂದೆ. ಮರುದಿನ ಹೋದರೆ, ಪಾಪ, ಆ ಮನುಷ್ಯ ಎಲ್ಲವನ್ನೂ ತಿಕ್ಕಿ ಥಳಥಳ ಹೊಳೆಯುವಂತೆ ಮಾಡಿಟ್ಟಿದ್ದಾರೆ!

“ತುಕ್ಕು ವಾಪಸ್ ಬೇಕು ಭಾಯ್” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕ್ಯಾ ಸಾಬ್, ಅಷ್ಟು ದೊಡ್ಡ ಬಂಗ್ಲೇಲಿ ಒಂದು ಕುರ್ಚಿ ಇಲ್ವಾ?” ಎಂದರು.

ಆ ಮನೆಯ ಪ್ರಧಾನ ಆಕರ್ಷಣೆ ಹಾಲಿನಲ್ಲಿ ಎರಡಂತಸ್ತಿನಷ್ಟು ಎತ್ತರಕ್ಕೆ ನಿಂತ ಗೋಡೆ. ಅದರ ಗಾರೆಗೆ ಶರಣಪ್ಪ ಮೇಸ್ತ್ರಿಯನ್ನು ಹಾಕಿದ್ದೆ. ಯಾದಗಿರಿ ಕಡೆಯವನು, ಹೆಂಡತಿ ಮಗಳೊಂದಿಗೆ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿದ್ದ. ನನ್ನ ಮನೆಯ ಗೋಡೆಗಳೂ ಅವನ ಕೈಯವೇ. ಅವನು ಕರಣೆ ಆಡಿಸಿದ ಗೋಡೆಯ ಮೇಲೆ ಇರುವೆ ಜಾರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ರೋಹನ್ ಅವನಿಗೆ ಹೇಳಿದ: “ನನಗೆ ನೀಟ್ ಬೇಡ ಶರಣಪ್ಪ. ನೋವು ಬೇಕು. ಈ ಗೋಡೆ ಅಳ್ಬೇಕು.”

“ಅಳೂ ಗ್ವಾಡಿ ಯಾರರ ಮಾಡ್ತಾರೇನ್ರಿ ಸಾರ್? ಮಳಿ ಬಂದ್ರೂ ಅಳಲಾರದಂಗ ಮಾಡಾಂವ ನಾನು.”

ಕೊನೆಗೆ ಒಪ್ಪಿದ. ಆದರೆ ಕೈ ಒಪ್ಪಬೇಕಲ್ಲ! ಉಬ್ಬುತಗ್ಗು ಮಾಡಿ ಎರಡು ಹೆಜ್ಜೆ ಹಿಂದೆ ಸರಿದು ನೋಡುವನು. ನೋಡುತ್ತಿದ್ದಂತೆ ಕೈ ತಾನಾಗಿ ಹೋಗಿ ಸವರಿ ಬರುವುದು. ಎಡಗೈಯಲ್ಲಿ ಮಾಡು ಎಂದ ರೋಹನ್. ಮೂರೇ ದಿನಕ್ಕೆ ಎಡಗೈಯೂ ಪಳಗಿಬಿಟ್ಟಿತು. ಆಮೇಲೆ ರೋಹನ್ನೇ ಪಕ್ಕದಲ್ಲಿ ನಿಂತು, ಸವರಲು ಬಿಡದೆ, ಗೋಡೆಯನ್ನು ಕುಷ್ಠ ಬಡಿದಂತೆ ಮಾಡಿಸಿ, ನಿಟ್ಟುಸಿರಿಟ್ಟು ಗೋವಾಕ್ಕೆ ಹೋದ.

ಶನಿವಾರ ಬೆಳಿಗ್ಗೆ ಶರಣಪ್ಪ ನನ್ನೆದುರು ಬಂದು ನಿಂತ. “ಧಣ್ಯಾರ, ನಾಳಿಗಿ ಬೀಗರು ಆಗೋರು ಬರ್ತಾರ. ಈ ಗ್ವಾಡಿ ಮುಚ್ಚಿ ಸಾಫ್ ಮಾಡ್ಲಾ?”

ಅವನ ಮಗಳಿಗೆ ನೋಡಿದ ಮನೆಯವರೂ ತಲೆಮಾರುಗಳಿಂದ ಗಾರೆಯವರೇ. ಹುಡುಗಿಯನ್ನು ನೋಡಿ ಒಪ್ಪಿದ್ದರು. ಇನ್ನು ಅಪ್ಪನ ಕೆಲಸ ನೋಡಬೇಕಿತ್ತು. ಇಂದಿರಾನಗರದ ಬಂಗಲೆಯಲ್ಲಿ ಎರಡಂತಸ್ತಿನ ಗೋಡೆ ಹಿಡಿದಿದ್ದೇನೆ ಎಂದು ಇವನೇ ಜಂಬ ಕೊಚ್ಚಿಕೊಂಡಿದ್ದ.

“ಇದನ್ನ ನೋಡಿದ್ರ, ಇವನ ಕೈ ಬಿದ್ದದ ಅಂತ ಎದ್ದು ಹೋಗ್ತಾರ್ರಿ. ಮಗಳ ಮಾರಿ ಹೆಂಗ ನೋಡ್ಲಿ?”

ರೋಹನ್ ಬರುವುದು ಮಂಗಳವಾರ. ಸೋಮವಾರ ಮತ್ತೆ ಕೆತ್ತಿದರಾಯಿತು ಎಂದುಕೊಂಡು, “ಮಾಡ್ಕೊಳಪ್ಪ” ಎಂದೆ.

ಭಾನುವಾರ ಮೂವರು ಬಂದರು. ಹಿರಿಯ ಬೀಗರು ಕೋಳಿಬುಟ್ಟಿಯನ್ನೂ ನೋಡಲಿಲ್ಲ, ಗಾಜಿನ ಬಚ್ಚಲನ್ನೂ ನೋಡಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ, ಶರಣಪ್ಪನ ಇದೇ ಪಟ್ಟಿಯನ್ನು ಆನಿಸಿ, ಟಾರ್ಚು ಬಿಟ್ಟರು. ಮೇಲೆ, ಕೆಳಗೆ, ಅಡ್ಡ, ಉದ್ದ. ಎಲ್ಲೂ ಬೆಳಕು ತೂರಲಿಲ್ಲ. “ಕೈ ಛಲೋ ಅದ” ಎಂದರು ಹಿರಿಯರು. ಅಲ್ಲಿಗೆ ಮದುವೆ ಗಟ್ಟಿ. ಉಪ್ಪುನೀರು ಎರಚಿ ಮತ್ತೆ ತುಕ್ಕು ಹಿಡಿಸಿದ್ದ ಡ್ರಮ್ಮಿನ ಮೇಲೆ ಕೂತೆದ್ದ ಅವರ ಬಿಳಿ ಧೋತರಕ್ಕೆ ತುಕ್ಕಿನ ಉಂಗುರ ಬಿದ್ದಿತ್ತು. ನಾವು ಯಾರೂ ಹೇಳಲಿಲ್ಲ.

ಸೋಮವಾರ ನಾವು ಉಳಿ ಎತ್ತುವ ಮೊದಲೇ, ಒಂದು ದಿನ ಮುಂಚೆ, ರೋಹನ್ ಬಂದಿಳಿದ. ಜೊತೆಗೆ ಮನೆಯೊಡತಿ. ಆಕೆ ಗೋಡೆಯ ಮೇಲೆ ಕೈಯಾಡಿಸಿ, “ಎಷ್ಟು ನೈಸಾಗಿದೆ ಅಲ್ವಾ!” ಎಂದವರು, ರೋಹನ್ನನ ಮುಖ ನೋಡಿ, “ಅಂದ್ರೆ... ತುಂಬಾ ಬೋರಿಂಗ್” ಎಂದು ತಿದ್ದಿಕೊಂಡರು. ರೋಹನ್ ನೆಲದ ಮೇಲೆ ಕುಸಿದು ಕೂತ. “ಗೋಡೇನ ಕೊಂದ್ಬಿಟ್ರಲ್ರೀ! ಯಾರ್ರೀ ಹೇಳಿದ್ದು ಇದನ್ನ?”

“ಮೇಸ್ತ್ರಿ ನನ್ನ ಕೇಳ್ದೇನೇ ಮಾಡ್ಬಿಟ್ಟಿದ್ದಾನೆ ಸಾರ್” ಎಂದೆ ನಾನು.

ಇಷ್ಟು ವರ್ಷದ ವ್ಯಾಪಾರದಲ್ಲಿ ಹೇಳಿದ ಸುಳ್ಳುಗಳೆಲ್ಲ ಮರೆತಿವೆ, ಇದೊಂದು ಮರೆತಿಲ್ಲ. ಶರಣಪ್ಪ ನನ್ನನ್ನೊಮ್ಮೆ ನೋಡಿದ. ರೋಹನ್ ಈಗಲೇ ಕೆತ್ತು ಎಂದಾಗ, “ಬ್ಯಾರೆಯವ್ರ ಕಡಿಂದ ಒಡಿಸ್ರಿ. ನನ್ನ ಕೈಲೆ ಆಗಂಗಿಲ್ಲ” ಎಂದು ಪಟ್ಟಿಯನ್ನು ಗೋಡೆಗೆ ಒರಗಿಸಿ ಹೊರಟುಹೋದ.

ಉಳಿದ ಆಳುಗಳೂ ಅವನ ಹಿಂದೆ ನಡೆದರು. ಕೊನೆಗೆ ಉಳಿ ಸುತ್ತಿಗೆ ಹಿಡಿದವನು ನಾನೇ. ಜನ್ಮದಲ್ಲಿ ಗೋಡೆ ಕೆಲಸ ಮಾಡಿದವನಲ್ಲ. ಒಂದೇಟು ಗೋಡೆಗೆ, ಒಂದೇಟು ಹೆಬ್ಬೆರಳಿಗೆ. ಒಂದು ಕಡೆ ಹಲಗೆಯಷ್ಟು ಕಿತ್ತು ಬಂತು, ಇನ್ನೊಂದು ಕಡೆ ಎಷ್ಟು ಬಡಿದರೂ ಶರಣಪ್ಪನ ಗಾರೆ ಕದಲಲಿಲ್ಲ. ಸಂಜೆ ರೋಹನ್ ಬಂದಾಗ, ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವನ ಕಣ್ಣಲ್ಲಿ ನೀರು!

“ಇದು! ಇದು ಸತ್ಯ! ಯಾರು ಮಾಡಿದ್ದು?”

ಗೋಡೆಯ ಫೋಟೋ ಬಣ್ಣದ ಪತ್ರಿಕೆಯಲ್ಲಿ ಬಂತು. ಆ ವಾರವೇ ಶರಣಪ್ಪ ನನ್ನನ್ನು ಹುಡುಕಿಕೊಂಡು ಬಂದ. ಜಗಳಕ್ಕೇ ಬಂದ ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವನು ಕೇಳಿದ್ದು ಇಷ್ಟೇ: “ಆ ಗ್ವಾಡಿ ನಂದಂತ ಯಾರ ಮುಂದೂ ಹೇಳಬ್ಯಾಡ್ರಿ.”

ಆಗಲಿ ಎಂದೆ. ಕೇಳಿದವರಿಗೆಲ್ಲ ನಾನೇ ಮಾಡಿದ್ದು ಎಂದೆ. ಮೊದಲು ಅವನ ಮಾನಕ್ಕಾಗಿ ಹೇಳಿದೆ, ಆಮೇಲೆ ನನ್ನ ಹೊಟ್ಟೆಗಾಗಿ ಹೇಳಿದೆ. ಗಿರಾಕಿಗಳು ಸಾಲುಗಟ್ಟಿದರು. ಕೈ ಪಳಗಬಾರದು ಎಂಬುದೊಂದೇ ನನ್ನ ವಿದ್ಯೆಯ ಗುಟ್ಟು.

ಅವನ ಮಗಳ ಮದುವೆಗೆ ಕೆ.ಆರ್. ಪುರಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಹಿರಿಯ ಬೀಗರು ನನ್ನ ಪಕ್ಕದಲ್ಲೇ ಕೂತು, “ಆ ಇಂದಿರಾನಗರದ ಗ್ವಾಡಿ ಈಗ ಹೆಂಗ ಅದ್ರಿ?” ಎಂದರು. ಬಡಿಸುತ್ತಿದ್ದ ಶರಣಪ್ಪನ ಕೈ ಗಾಳಿಯಲ್ಲೇ ನಿಂತಿತು.

“ಕನ್ನಡಿ ಇದ್ದಂಗಿದೆ ಯಜಮಾನ್ರೇ” ಎಂದೆ.

ಕೇಳದೆಯೇ ನನ್ನ ಎಲೆಗೆ ಎರಡನೆಯ ಹೋಳಿಗೆ ಬಿತ್ತು. ಪಟ್ಟಿಯನ್ನು ಮಾತ್ರ ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಭಾನುವಾರ ಅದನ್ನು ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಮ್ಮ ಹಾಲ್ ಗೋಡೆಗೆ ಆನಿಸಿದೆ. ಮಗಳಿಗೆ ಫೋನಿನ ಟಾರ್ಚು ಹಿಂದಿನಿಂದ ಹಿಡಿ ಎಂದೆ.

“ಏನ್ ಕಾಣ್ಬೇಕಪ್ಪಾ?”

“ಏನೂ ಕಾಣ್ಬಾರದು.”

ಏನೂ ಕಾಣಲಿಲ್ಲ. ಅಲ್ಲೇ ನಿಂತು ಅವಳಿಗೆ ಎಲ್ಲವನ್ನೂ ಹೇಳಿದೆ, ‘ನನ್ನ ಕೇಳ್ದೇನೇ’ ಎಂದ ಮಾತನ್ನೂ ಬಿಡದೆ. “ಬೇಕಿದ್ರೆ ಬೇರೆಯವ್ರ ಕೈಲಿ ಒಡ್ಸಮ್ಮ. ನನ್ನ ಕೈಲಿ ಆಗಲ್ಲ” ಎಂದೆ.

“ಅಂದ್ರೆ ಸ್ಪೆಷಲಿಸ್ಟ್ ರಿಟೈರಾ?” ಎಂದು ನಕ್ಕಳು. ಆದರೂ ಸುಲಭಕ್ಕೆ ಬಿಡುವವಳಲ್ಲ, ನನ್ನ ಮಗಳಲ್ಲವೇ. ಎಲ್ಲಾದರೂ ತಪ್ಪು ಸಿಕ್ಕೀತು ಎಂದು ಪಟ್ಟಿಯನ್ನು ಕಿಟಕಿಯ ಮೂಲೆಗೆ ಸರಿಸಿ ಮತ್ತೆ ಟಾರ್ಚು ಹಿಡಿದಳು.

ಅಲ್ಲೂ ಕತ್ತಲೆ.